ಏಳು ದಿನದ ಟೂರು, ಎದುರುಮನೆಯಲ್ಲಿಟ್ಟ ಬ್ಯಾಗು

ನಾನು ಕೋಪಿಷ್ಠನಲ್ಲ. ಕೋಪ ಬರಿಸುವವರೆಲ್ಲ ಹುಡುಕಿಕೊಂಡು ಬಂದು ನನ್ನ ಸುತ್ತ ಸೇರಿಕೊಂಡಿದ್ದಾರೆ, ಅಷ್ಟೆ. ಬೇರೆಯವರಿಗೆ ವರ್ಷಕ್ಕೊಂದು ಸಲ ಆಗುವಂಥದ್ದು ನನಗೆ ವಾರಕ್ಕೆ ಎರಡು ಸಲ ಆಗುತ್ತದೆ. ಆ ಹೊತ್ತಿಗೆ ಮೈಯೆಲ್ಲ ಉರಿಯುತ್ತದೆ. ಹದಿನೈದು ದಿನ ಕಳೆದ ಮೇಲೆ ನೆನೆಸಿಕೊಂಡು ಒಬ್ಬನೇ ನಗುತ್ತೇನೆ. ನಿವೃತ್ತನಾದ ಮೇಲೆ ಎರಡಕ್ಕೂ ಬೇಕಾದಷ್ಟು ಪುರಸೊತ್ತಿದೆ.

ಬಿ.ಎಸ್ಸಿ. ಮುಗಿಸಿ ಹಾಸನದ ಬಸ್ ಡಿಪೋ ಸೇರಿದವನು ನಾನು. ಮೂವತ್ನಾಲ್ಕು ವರ್ಷ ಅಲ್ಲೇ ಕೂತು ಬಸ್ಸುಗಳ ವೇಳಾಪಟ್ಟಿ ಬರೆದೆ. ಹೊಳೆನರಸೀಪುರದ ಬಸ್ಸು ಎಷ್ಟು ಹೊತ್ತಿಗೆ ಬಿಡಬೇಕು, ಅರಕಲಗೂಡಿನದು ಎಲ್ಲಿ ಐದು ನಿಮಿಷ ನಿಲ್ಲಬೇಕು, ಚನ್ನರಾಯಪಟ್ಟಣದ್ದು ಎಷ್ಟಕ್ಕೆ ವಾಪಸ್ ಬರಬೇಕು, ಎಲ್ಲ ನನ್ನ ಕೈಬರಹ. ಬಸ್ಸು ತಡವಾದಾಗ ಜನ ಕಿಟಕಿಗೆ ಬಂದು, “ಯಾವನ್ರೀ ಈ ಟೈಮು ಬರ್ದೋನು?” ಎಂದು ಕೂಗುತ್ತಿದ್ದರಲ್ಲ, ಆ ‘ಯಾವನು’ ನಾನೇ.

ಊರನ್ನೆಲ್ಲ ಊರೂರಿಗೆ ಕಳಿಸಿದವನು ನಾನು ಮಾತ್ರ ಎಲ್ಲಿಗೂ ಹೋಗಲಿಲ್ಲ. ಹಬ್ಬ ಬಂತೆಂದರೆ ಲೋಕಕ್ಕೆಲ್ಲ ರಜೆ, ನನಗೆ ಹೆಚ್ಚುವರಿ ಬಸ್ಸು. ಮದುವೆಯಾದ ಹೊಸದರಲ್ಲಿ ನನ್ನ ಹೆಂಡತಿಗೆ ಜೋಗ ತೋರಿಸುತ್ತೇನೆ ಅಂದಿದ್ದೆ. ಮೂವತ್ತು ವರ್ಷವಾಯಿತು. ನಿವೃತ್ತಿಯ ದಿನ ಹಾರ, ಶಾಲು, ಹಣ್ಣಿನ ಬುಟ್ಟಿ ಹೊತ್ತು ಮನೆಗೆ ಬಂದರೆ ಅವಳು ಬಾಗಿಲಲ್ಲೇ ನಿಂತು ಹೇಳಿದಳು: “ಏಳು ದಿನ. ನಾವಿಬ್ಬರೇ. ಯಾರ ಹೊಟ್ಟೆಗೆ ಏನು ಮಾಡಬೇಕು ಅಂತ ನಾನು ಒಂದು ಹೊತ್ತೂ ಯೋಚನೆ ಮಾಡಬಾರದು. ಈ ಸಲ ಮಾತು ತಪ್ಪಿದರೆ ಇನ್ನು ನಾನು ಕೇಳೋದಿಲ್ಲ.”

ಕೇಳೋದಿಲ್ಲ ಅಂದಳಲ್ಲ, ಅದು ನನಗೆ ನಾಟಿತು.

೧. ಪುಸ್ತಕ

ಮಾರನೆಯ ದಿನವೇ ಉದ್ದನೆಯ ಗೆರೆ ಪುಸ್ತಕ ತಂದೆ. ಶನಿವಾರ ಕೆಮ್ಮಣ್ಣುಗುಂಡಿ. ಭಾನುವಾರ ಸಕ್ರೆಬೈಲಿನ ಆನೆ ಬಿಡಾರ ನೋಡಿಕೊಂಡು ಸಂಜೆಗೆ ಜೋಗ. ಸೋಮವಾರ ಬೆಳಗ್ಗೆ ಹತ್ತು ನಲವತ್ತಕ್ಕೆ ಜೋಗ ಬಿಟ್ಟು ಯಾಣ. ಆಮೇಲೆ ದಾಂಡೇಲಿ ಕಾಡು, ಬಾದಾಮಿ, ಹಂಪಿ, ಚಿತ್ರದುರ್ಗದ ಕೋಟೆ. ಏಳನೇ ದಿನ ಸಂಜೆ ಆರೂ ಇಪ್ಪತ್ತಕ್ಕೆ ಹಾಸನ. ಹೊರಡುವ ಸಮಯ, ತಲುಪುವ ಸಮಯ, ನಿಲುಗಡೆ ಅಂತ ಮೂರು ಕಾಲಂ ಹಾಕಿ, ಕೆಂಪು ಶಾಯಿಯಲ್ಲಿ ಗೆರೆ ಎಳೆದು, ನಾನೇ ನೋಡಿ ನಾನೇ ಮೆಚ್ಚಿಕೊಂಡೆ.

ಹೆಂಡತಿ ಓದಿದಳು. “ಜಲಪಾತ: ನಲವತ್ತು ನಿಮಿಷ. ಫೋಟೋ: ಆರು ನಿಮಿಷ. ಎಳನೀರು: ಒಂಬತ್ತು ನಿಮಿಷ.” ತಲೆ ಎತ್ತಿ, “ರೀ, ಜೋಗ ನೋಡಿ ನಾನು ಬಾಯಿ ಬಿಟ್ಕೊಂಡು ನಿಲ್ಲೋಕೆ ಎಷ್ಟು ನಿಮಿಷ ಇಟ್ಟಿದ್ದೀರಿ?” ಅಂದಳು.

“ಅದು ನಲವತ್ತರಲ್ಲೇ ಬರುತ್ತೆ.”

ಏಳನೇ ದಿನದ ಕೊನೆಯ ಸಾಲನ್ನು ಮಾತ್ರ ಅವಳು ಎರಡು ಸಲ ಓದಿದಳು. ಅಲ್ಲಿ ಹೀಗೆ ಬರೆದಿದ್ದೆ: ‘ಮನೆ ತಲುಪಿದ ಮೇಲೆ ಹೆಂಡತಿಯನ್ನು ಕುರ್ಚಿಯಲ್ಲಿ ಕೂರಿಸಿ, ಕಾಫಿ ತಾನೇ ಮಾಡಿ ಕೊಡುವುದು: ಏಳು ನಿಮಿಷ.’ ಮೂವತ್ತು ವರ್ಷದಲ್ಲಿ ನಾನು ಅಡುಗೆಮನೆಗೆ ಕಾಲಿಟ್ಟಿದ್ದು ನೀರು ಕುಡಿಯುವುದಕ್ಕೆ ಮಾತ್ರ.

ಇದೇ ಪುಸ್ತಕವನ್ನು ಎದುರುಮನೆಯವನಿಗೆ ತೋರಿಸಿದ್ದು ನನ್ನ ತಪ್ಪು. ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿ ಇಟ್ಟಿರುವವನು, ಒಳ್ಳೆಯವನೇ, ಬಾಯಿ ಮಾತ್ರ ದೊಡ್ಡದು. ಹಾಳೆ ತಿರುವಿ ತಿರುವಿ ನಕ್ಕ. “ಟೂರ್‌ಗೆ ಪುಸ್ತಕ ಬರ್ಯೋರ್ನ ನಾನೆಲ್ಲೂ ಕಂಡಿಲ್ಲ ಕಣ ಸಾ! ಗಾಡಿ ಅತ್ತು, ಓಗ್ತಾ ಇರು. ಅಸಿವಾದ್ರೆ ಉಣ್ಣು, ನಿದ್ದೆ ಬಂದ್ರೆ ಮಲಿಕ್ಕೊ. ಅದು ಟೂರು. ಇದು ಡ್ಯೂಟಿ.”

ನನಗೆ ಸಿಟ್ಟು ನೆತ್ತಿಗೇರಿತು. “ನೀವು ಹಾಗೆ ಎಲ್ಲೆಲ್ಲಿಗೆ ಹೋಗಿದ್ದೀರಿ, ಹೇಳಿ ನೋಡೋಣ.”

“ನಾನಾ? ಅಂಗಡಿ ಬಿಟ್ಟು ಎದುರಿನ ಬಿ.ಎಂ. ರೋಡೂ ದಾಟಿಲ್ಲ ಸಾ.”

೨. ನಾಲ್ಕು ದಿಕ್ಕು, ಏಳು ವಾರ

ಹೆಂಡತಿಯ ಅಣ್ಣ ಹೊಳೆನರಸೀಪುರದಲ್ಲಿದ್ದಾರೆ. ಪಂಚಾಂಗ ನೋಡದೆ ಬಚ್ಚಲಿಗೂ ಹೋಗುವವರಲ್ಲ. ವಿಷಯ ಕಿವಿಗೆ ಬಿದ್ದದ್ದೇ ಮೊದಲ ಬಸ್ಸಿಗೇ ಬಂದರು. ಆ ಬಸ್ಸಿನ ಟೈಮು ಬರೆದವನೂ ನಾನೇ, ಯಾರನ್ನು ಬಯ್ಯಲಿ? ಕನ್ನಡಕ ಏರಿಸಿ ನನ್ನ ಪುಸ್ತಕ ಒಂದು ತೊಡೆಯ ಮೇಲೆ, ಪಂಚಾಂಗ ಇನ್ನೊಂದು ತೊಡೆಯ ಮೇಲೆ ಇಟ್ಟುಕೊಂಡು ಕೂತರು.

“ಭಾವ, ಭಾನುವಾರ ಪಶ್ಚಿಮಕ್ಕೆ ಶೂಲ. ನೀವು ನೋಡಿದ್ರೆ ಅವತ್ತೇ ಜೋಗಕ್ಕೆ ಹೋಗ್ತಿದ್ದೀರಿ.”

“ಸರಿ ಭಾವ, ಒಂದು ದಿನ ಮುಂದಕ್ಕೆ ಹಾಕ್ತೀನಿ.”

“ಹಾಕಿದ್ರೆ ಬಾದಾಮಿ ಬುಧವಾರಕ್ಕೆ ಬೀಳಲ್ಲ, ಆದ್ರೆ ಯಾಣ ಮಂಗಳವಾರಕ್ಕೆ, ದಾಂಡೇಲಿ ಬುಧವಾರಕ್ಕೆ ಬೀಳುತ್ತೆ. ಮಂಗಳವಾರ, ಬುಧವಾರ ಉತ್ತರಕ್ಕೆ ಹೋಗೋ ಹಾಗಿಲ್ಲ.”

“ಹಾಗಾದ್ರೆ ಹಿಂದಕ್ಕೆ ಹಾಕ್ತೀನಿ.”

“ಹಾಕಿದ್ರೆ ವಾಪಸ್ ಬರೋದು ಗುರುವಾರ. ಗುರುವಾರ ದಕ್ಷಿಣಕ್ಕೆ ಶೂಲ.”

ಬೆಳಗ್ಗೆ ಒಂಬತ್ತರಿಂದ ಮಧ್ಯಾಹ್ನ ಎರಡರವರೆಗೆ ಹಾಳೆ ಹರಿದೆ, ಬರೆದೆ, ಹರಿದೆ. ನಡುವೆ ನನ್ನ ಹೆಂಡತಿ ಅಣ್ಣನ ಹೊಟ್ಟೆಗೆ ಉಪ್ಪಿಟ್ಟು, ಮುದ್ದೆ, ಬಸ್ಸಾರು, ಮಜ್ಜಿಗೆ ಎಲ್ಲ ಯೋಚನೆ ಮಾಡಿ ಬಡಿಸಿದಳು. ಕೊನೆಗೆ ನಾನು ಪೆನ್ನು ಬಿಸಾಡಿ, “ಏಳು ದಿನ ಏಳು ವಾರ ನಾಲ್ಕು ದಿಕ್ಕು! ದೋಷವೇ ಇಲ್ಲದ ಹಾಗೆ ನಾವೆಲ್ಲಿರಬೇಕು, ನೀವೇ ಹೇಳಿ ಭಾವ” ಎಂದು ಕೂಗಿದೆ.

ಅವರು ನಿಧಾನವಾಗಿ ಪಂಚಾಂಗ ಮುಚ್ಚಿದರು. “ಮನೇಲೇ ಇದ್ರೆ ಯಾವ ದಿಕ್ಕಿನ ದೋಷವೂ ಇಲ್ಲ ಭಾವ.”

ಬಾಗಿಲು ದಾಟುವಾಗ ಮಾತ್ರ ದೊಡ್ಡ ಮನಸ್ಸು ಮಾಡಿ ಒಂದು ಪರಿಹಾರ ಹೇಳಿದರು. ಅದನ್ನು ಮುಂದೆ ಹೇಳುತ್ತೇನೆ. ಇಷ್ಟು ದಿನದ ನನ್ನ ಕೋಪವೆಲ್ಲ ಅದರ ಮುಂದೆ ಬರೀ ಪೀಠಿಕೆ.

೩. ಖಾಲಿ ಗಾಡಿ

ಅರಕಲಗೂಡಿನಿಂದ ನನ್ನ ಅಕ್ಕನ ಫೋನು.

“ಲೇ, ಜೋಗದ ಕಡೀಕೆ ಗಾಡಿ ಖಾಲಿ ಓಗ್ತದಂತೆ?”

“ಖಾಲಿ ಅಲ್ಲಕ್ಕ. ನಾವಿಬ್ಬರು ಇರ್ತೀವಿ.”

“ಅದೇ ಕಣ್ಲಾ, ಖಾಲಿ.”

ಅಕ್ಕನ ಮಗಳನ್ನು ಸಾಗರಕ್ಕೆ ಕೊಟ್ಟಿದೆ. ಸಾಗರ ಜೋಗದ ದಾರಿಯಲ್ಲೇ ಸಿಗುತ್ತದೆ. ಇದು ನನ್ನ ದುರದೃಷ್ಟ. ಅರಕಲಗೂಡಿನ ಹೊಲದ ಆಲೂಗಡ್ಡೆ ಅರ್ಧ ಮೂಟೆ ಹಾಕಿಕೊಂಡು ಹೋಗಬೇಕಂತೆ. ಒಪ್ಪಿದೆ. ಮಾರನೆಯ ದಿನ ಅದು ಒಂದು ಮೂಟೆಯಾಯಿತು. ಅದರ ಮಾರನೆಯ ದಿನ ರಾಗಿಹಿಟ್ಟು ಸೇರಿತು. ನಾಲ್ಕನೆಯ ದಿನ ಅಕ್ಕ, “ಇಷ್ಟೆಲ್ಲ ಸಾಮಾನು ನೋಡ್ಕಳೋರು ಯಾರ್ಲಾ? ನಾನೂ ಬತ್ತೀನಿ. ನಿನ್ ಎಂಡ್ತೀಗೂ ಮಾತಿಗೊಂದು ಜನ ಆಯ್ತದೆ” ಅಂದಳು.

ಹೆಂಡತಿ ಪಕ್ಕದಲ್ಲೇ ಸೊಪ್ಪು ಬಿಡಿಸುತ್ತಿದ್ದಳು. ಸೊಪ್ಪನ್ನು ಕಸಕ್ಕೆ ಹಾಕಿ ಕಡ್ಡಿಯನ್ನು ಪಾತ್ರೆಗೆ ಹಾಕಿದಳು, ಅಷ್ಟೆ. ನನಗೆ ಅರ್ಥವಾಯಿತು.

ನನ್ನನ್ನು ಎತ್ತಿ ಆಡಿಸಿದ ಅಕ್ಕ. ಅವಳೆದುರು ಒಂದು ದಿನ ದನಿ ಎತ್ತಿದವನಲ್ಲ. ಅವತ್ತು ಎತ್ತಿದೆ. “ಅಕ್ಕ, ನೀನು ಬರೋ ಹಾಗಿಲ್ಲ! ನಾವಿಬ್ಬರೇ ಹೋಗೋದು. ಇಬ್ಬರೇ!” ಗೋಡೆಯ ಕ್ಯಾಲೆಂಡರ್ ಅಲ್ಲಾಡಿತೇನೋ ಅನ್ನಿಸಿತು.

ಅಕ್ಕ, “ಅದುಕ್ಯಾಕ್ಲಾ ಅಷ್ಟೊಂದು ಕ್ವಾಪ? ಸರಿ ಬುಡು, ಬರಕಿಲ್ಲ” ಅಂದು ಇಟ್ಟುಬಿಟ್ಟಳು. ಹೆಂಡತಿ ಕಣ್ಣರಳಿಸಿ ನನ್ನನ್ನೇ ನೋಡಿದಳು. ನಾನು ಎದೆ ಉಬ್ಬಿಸಿ ಎರಡು ಸಲ ಹಜಾರದಲ್ಲಿ ಓಡಾಡಿದೆ.

ಐದು ನಿಮಿಷಕ್ಕೆ ಮತ್ತೆ ಅಕ್ಕನ ಫೋನು. “ಲೇ, ನಾನು ಬರಕಿಲ್ಲ ಅಂದ್ರೆ ಒಂದ್ ಆಳಿನ ಜಾಗ ಉಳೀತಲ್ಲ. ಇನ್ನೊಂದ್ ಮೂಟೆ ಕಳುಸ್ತೀನಿ.”

೪. ಕೈ ತೋರಿಸಿದ ಹೆಂಗಸು

ಮೂವತ್ನಾಲ್ಕು ವರ್ಷ ಕಾಗದದ ಮೇಲೆ ಬಸ್ಸು ಓಡಿಸಿದ ನನಗೆ ಕಾರು ಓಡಿಸಲು ಬರುವುದಿಲ್ಲ. ಹೀಗಾಗಿ ಚನ್ನರಾಯಪಟ್ಟಣದಲ್ಲಿದ್ದ ನಮ್ಮ ಡಿಪೋದ ಹಳೆಯ ಡ್ರೈವರನ್ನು ಕರೆಸಿದೆ. ನನಗಿಂತ ಒಂದು ವರ್ಷ ಮೊದಲು ನಿವೃತ್ತನಾದವನು, ಕೈ ಶುದ್ಧ. ಬಾಡಿಗೆ ಕಾರು ಗೊತ್ತುಮಾಡಿ, ಒಮ್ಮೆ ಪರೀಕ್ಷೆಗೆ ಅಂತ ಹಾಸನದಿಂದ ಚನ್ನರಾಯಪಟ್ಟಣಕ್ಕೆ ಹೊರಟೆವು. ಮುಂದಿನ ಸೀಟಿನಲ್ಲಿ ಹೆಂಡತಿ. ಅದು ಅವಳ ಷರತ್ತು. ಹಿಂದೆ ನಾನು, ಕೈಯಲ್ಲಿ ಗಡಿಯಾರ.

ಶಾಂತಿಗ್ರಾಮದ ಹತ್ತಿರ ರಸ್ತೆ ಪಕ್ಕ ಒಬ್ಬ ಹೆಂಗಸು, ಕಾಲ ಬಳಿ ತೆಂಗಿನಕಾಯಿ ಕುಕ್ಕೆ. ಬಸ್ಸಿಗೆ ಕಾಯುತ್ತಿದ್ದವಳು, ನಮ್ಮ ಕಾರು ಕಂಡು ಸುಮ್ಮನೆ ಕೈ ತೋರಿಸಿದಳು. ಡ್ರೈವರು ಗಕ್ಕನೆ ನಿಲ್ಲಿಸಿದ. ನಿಲ್ಲಿಸಲಿ, ಅಭ್ಯಾಸ. ಆದರೆ ಬಾಗಿಲು ತೆಗೆದು, “ಬೇಗ ಹತ್ತಿ, ಬೇಗ ಹತ್ತಿ, ಒಳಗೆ ಜಾಗ ಇದೆ” ಅಂದ ದನಿ ಯಾರದು ಅಂತ ನೋಡಿದರೆ, ನನ್ನದೇ!

ಒಬ್ಬಳು ಹತ್ತಿದ ಮೇಲೆ ಅವಳ ಹಿಂದೆ ಮರದ ನೆರಳಲ್ಲಿ ಕೂತಿದ್ದ ಇನ್ನೊಬ್ಬಳೂ ಎಳನೀರು ಹೊತ್ತು ಓಡಿಬಂದಳು. ಚನ್ನರಾಯಪಟ್ಟಣ ಮುಟ್ಟುವಾಗ ನನ್ನ ತೊಡೆಯ ಮೇಲೆ ಕುಕ್ಕೆ, ನನ್ನ ಹೆಂಡತಿಯ ತೊಡೆಯ ಮೇಲೆ ಎರಡು ಎಳನೀರು ಗೊನೆ. ಅವಳು ಮುಂದಿನ ಗಾಜನ್ನೇ ದಿಟ್ಟಿಸುತ್ತಿದ್ದಳು. ಬೆನ್ನು ನೋಡಿದರೇ ಸಿಟ್ಟು ಗೊತ್ತಾಗುತ್ತಿತ್ತು.

ನಾನು ಡ್ರೈವರ ಮೇಲೆ ಹರಿಹಾಯ್ದೆ. “ಇದು ಕಾರು ಕಣಯ್ಯ, ಕಾರು! ಕೈ ತೋರಿಸಿದೋರಿಗೆಲ್ಲ ನಿಲ್ಲಿಸ್ತೀಯಲ್ಲ, ಬುದ್ಧಿ ಇಲ್ವಾ?”

“ಬಾಗ್ಲು ತೆಗ್ದೋರು ಯಾರು ಸಾಹೇಬ್ರೆ?”

ಅಷ್ಟರಲ್ಲಿ ಕುಕ್ಕೆಯ ಹೆಂಗಸು ಇಳಿಯುವ ಮೊದಲು ಸೊಂಟದ ಚೀಲಕ್ಕೆ ಕೈ ಹಾಕಿ ಆಧಾರ್ ಕಾರ್ಡು ತೆಗೆದು, ಬಸ್ಸಿನಲ್ಲಿ ಪುಕ್ಕಟೆ ಟಿಕೆಟ್ಟಿಗೆ ಕಂಡಕ್ಟರಿಗೆ ತೋರಿಸುವ ಹಾಗೆ ನನ್ನ ಮುಖದ ಮುಂದೆ ಹಿಡಿದಳು. ನನ್ನ ಮಾನ ಹೋಗಿದ್ದು ಅದಕ್ಕಲ್ಲ. ನಾನದನ್ನು ತಿರುಗಿಸಿ, ಹೆಸರು ಓದಿ, ಫೋಟೋಗೂ ಮುಖಕ್ಕೂ ತಾಳೆ ನೋಡಿ, “ಸರಿ, ಒಳಗಿಟ್ಕೊಳ್ಳಿ” ಅಂದೆನಲ್ಲ, ಅದಕ್ಕೆ.

೫. ಪ್ರಸ್ಥಾನ

ಈಗ ಭಾವ ಹೇಳಿದ ಪರಿಹಾರ. ಒಳ್ಳೆಯ ಗಳಿಗೆಯಲ್ಲಿ ಹೊರಡಲು ಆಗದಿದ್ದರೆ, ಆ ಗಳಿಗೆಗೆ ಸರಿಯಾಗಿ ನಮ್ಮ ಒಂದು ಗಂಟನ್ನು ನಾವು ಹೋಗುವ ದಿಕ್ಕಿನಲ್ಲಿರುವ ಬೇರೆಯವರ ಮನೆಯಲ್ಲಿ ಇಟ್ಟು ಬರಬೇಕು. ಇದಕ್ಕೆ ಪ್ರಸ್ಥಾನ ಇಡುವುದು ಅನ್ನುತ್ತಾರೆ. ಗಂಟು ಹೊರಟರೆ ನಾವು ಹೊರಟ ಲೆಕ್ಕ. ಆಮೇಲೆ ನಮಗೆ ಅನುಕೂಲವಾದ ದಿನ ಅದನ್ನು ಎತ್ತಿಕೊಂಡು ಹಾಗೇ ಮುಂದೆ ಹೋಗಬೇಕು. ಮನೆಗೆ ಮಾತ್ರ ವಾಪಸ್ ತರುವಂತಿಲ್ಲ.

ಗುರುವಾರ ಬೆಳಗ್ಗೆ ಏಳೂ ನಲವತ್ತೈದು, ಗಳಿಗೆ ಪ್ರಶಸ್ತವಂತೆ. ನಮ್ಮ ಉತ್ತರಕ್ಕೆ ಇರುವುದು ಎದುರುಮನೆ. ಬ್ಯಾಗಿನಲ್ಲಿ ನನ್ನ ಪುಸ್ತಕ, ಜೋಗದ ಹತ್ತಿರದ ಹೋಂಸ್ಟೇ ಕಾದಿರಿಸಿದ ಕಾಗದ, ಜೋಗದಲ್ಲಿ ಉಡುವುದಕ್ಕೆ ಅಂತಲೇ ಹೆಂಡತಿ ತೆಗೆದಿಟ್ಟಿದ್ದ ಹಸಿರು ಸೀರೆ. ಎಲ್ಲ ತುಂಬಿ, ದೇವರಿಗೆ ಕೈ ಮುಗಿದು, ಎದುರುಮನೆಯ ಹಜಾರದ ಮೂಲೆಯಲ್ಲಿ ಇಟ್ಟು ಬಂದೆ. ಎದುರುಮನೆಯವನು ಹಲ್ಲುಜ್ಜುತ್ತಾ, “ಬ್ಯಾಗು ನಮ್ಮನೇಲಿ ಟೂರ್ ಮಾಡ್ಲಿ ಬುಡಿ ಸಾ” ಅಂದ. ಆ ಬಾಯಿಗೆ ಏನು ಹೇಳಲಿ!

ಶುಕ್ರವಾರ ಬೆಳಗ್ಗೆ ಎದುರುಮನೆಯವರೆಲ್ಲ ಶಿವಮೊಗ್ಗಕ್ಕೆ ಹೊರಟರು. ಅವನ ಹೆಂಡತಿಯ ತಂಗಿಯ ಮನೆ ಗೃಹಪ್ರವೇಶ. ಗಾಡಿಯ ತುಂಬ ಸಾಮಾನು. ನಾನೇ ಗೇಟಿನಲ್ಲಿ ನಿಂತು, ಹಲ್ಲು ಕಿರಿದು, ಟಾಟಾ ಮಾಡಿದೆ.

ಹನ್ನೊಂದು ಗಂಟೆಗೆ ಅವನ ಫೋನು. “ಸಾ, ಕ್ವಾಪ ಮಾಡ್ಕಬೇಡಿ. ಅಜಾರದಲ್ಲಿದ್ದ ಬ್ಯಾಗೆಲ್ಲ ನಮ್ಮವೇ ಅಂತ ನಮ್ಮತ್ತೆ ಗಾಡಿಗೆ ತುಂಬ್ಬುಟ್ಟವ್ರೆ. ನಿಮ್ದೂ ಬಂದ್ಬುಟ್ಟದೆ.”

ನಾನು ಏನೇನು ಅಂದೆನೋ ನನಗೇ ನೆನಪಿಲ್ಲ. ಡಿಪೋ ಯಾರ್ಡಿನಲ್ಲಿ ಮೂವತ್ನಾಲ್ಕು ವರ್ಷ ಕೇಳಿಸಿಕೊಂಡಿದ್ದನ್ನೆಲ್ಲ ಒಂದೇ ಉಸಿರಿಗೆ ಅಂದಿರಬೇಕು. ಭಾನುವಾರ ನೀವು ಹೇಗಿದ್ದರೂ ಶಿವಮೊಗ್ಗ ದಾಟುತ್ತೀರಿ, ಅಲ್ಲೇ ಕೊಡುತ್ತೇನೆ ಅಂದ. ಪುಸ್ತಕವಿಲ್ಲದೆ ಮೊದಲ ಎರಡು ದಿನ ಹೇಗೆ? ಟೂರೇ ಬೇಡ ಅಂತ ಕೂತುಬಿಟ್ಟೆ. ಈ ಅನಾಹುತಕ್ಕೆ ಮೂಲ ಭಾವ ಅಂತ ಅವರಿಗೂ ಫೋನು ಮಾಡಿ ಕೂಗಾಡಿದೆ.

ಅವರ ದನಿಯಲ್ಲಿ ಎಂಥ ಸಂತೋಷ! “ಪ್ರಸ್ಥಾನ ಅಂದ್ರೆ ಇದು ಭಾವ! ಎಲ್ಲರ ಗಂಟೂ ಪಕ್ಕದ ಮನೇಲಿ ಕೂತಿರುತ್ತೆ. ನಿಮ್ಮದು ಆಗಲೇ ಶಿವಮೊಗ್ಗ ಮುಟ್ಟಿದೆ. ಇಷ್ಟು ಒಳ್ಳೆ ಗಳಿಗೆ ನನ್ನ ಜನ್ಮದಲ್ಲೇ ನೋಡಿಲ್ಲ.”

೬. ಕೊನೆಯ ಸಾಲು

ಶನಿವಾರ ಬೆಳಗ್ಗೆ ನಾನು ಮುಖ ಊದಿಸಿಕೊಂಡು ಹಜಾರದಲ್ಲಿ ಕೂತಿದ್ದೆ. ಹೊರಗೆ ಕಾರಿನ ಹಾರ್ನು. ಹೋಗಿ ನೋಡಿದರೆ ಹೆಂಡತಿ ಮುಂದಿನ ಸೀಟಿನಲ್ಲಿ ಬೆಲ್ಟು ಹಾಕಿ ಕೂತು, ಡ್ರೈವರ ಕೈ ಸರಿಸಿ ತಾನೇ ಹಾರ್ನು ಒತ್ತುತ್ತಿದ್ದಾಳೆ! “ಹತ್ತಿ. ಪುಸ್ತಕ ಹೊರಟಾಯ್ತು, ನೀವು ಹೊರಡೋದು ಬೇಡವಾ?”

ಹತ್ತಿದೆ. ಇಪ್ಪತ್ತು ಕಿಲೋಮೀಟರು ಹೋಗುವುದರೊಳಗೆ, “ನಿಲ್ಲಿಸಪ್ಪ” ಅಂದಳು. ದೊಡ್ಡಗದ್ದವಳ್ಳಿಯ ತಿರುವು. ಹಾಸನದಲ್ಲಿ ಮೂವತ್ತು ವರ್ಷ ಇದ್ದು ಆ ಲಕ್ಷ್ಮಿ ದೇವಸ್ಥಾನ ನೋಡಿಲ್ಲ ಅಂದಳು. ನಾನು ಅದಕ್ಕೆ ಒಂದು ನಿಮಿಷವನ್ನೂ ಇಟ್ಟಿರಲಿಲ್ಲ. ಅವಳು ಕಲ್ಲುಜಗುಲಿಯ ಮೇಲೆ ಎರಡು ಗಂಟೆ ಕೂತಳು. ಕೆಮ್ಮಣ್ಣುಗುಂಡಿ ತಲುಪಿದಾಗ ಮಂಜು ಮುಸುಕಿ ಬೆಟ್ಟವೂ ಇಲ್ಲ, ಗುಂಡಿಯೂ ಇಲ್ಲ. ನನ್ನ ಹಲ್ಲು ಕಟಕಟ ಅನ್ನುತ್ತಿತ್ತು, ಚಳಿಗಲ್ಲ.

ಭಾನುವಾರ ಎದುರುಮನೆಯವನ ಫೋನು. “ಸಾ, ಮಕ್ಳು ನಿಮ್ ಪುಸ್ತಕ ಓದ್ಬುಟ್ರು. ಸಕ್ರೆಬೈಲಲ್ಲಿ ಆನೆ ನೋಡೋದು ಎಂಟೂವರೆ ಅಂತ ಬರ್ದಿದ್ರಲ್ಲ, ಬಂದ್ಬುಟ್ಟೋ. ಅಂಗಡಿ ನಮ್ ಬಾಮೈದ ನೋಡ್ಕತಾನೆ. ಬ್ಯಾಗು ಜೋಗದಲ್ಲಿ ಕೊಡ್ತೀನಿ.”

ನಾವು ಸಾಗರದಲ್ಲಿ ಆಲೂಗಡ್ಡೆ ಇಳಿಸಿ, ಅಕ್ಕನ ಮಗಳ ಬಲವಂತಕ್ಕೆ ಉಂಡು, ಅಲ್ಲೇ ಉಳಿದು, ಜೋಗ ಮುಟ್ಟಿದಾಗ ಸೋಮವಾರ ಮಧ್ಯಾಹ್ನ ಒಂದು ಗಂಟೆ. ಕಂಬಿಯ ಬಳಿ ಎದುರುಮನೆಯವನು ನಿಂತಿದ್ದ. ಹಿಂದೆ ಅಷ್ಟೆತ್ತರದಿಂದ ನೀರು ಬೀಳುತ್ತಿದೆ, ಅವನು ಅದಕ್ಕೆ ಬೆನ್ನು ಮಾಡಿ, ಒಂದು ಕೈಯಲ್ಲಿ ನನ್ನ ಪುಸ್ತಕ, ಇನ್ನೊಂದು ಕೈಯ ಗಡಿಯಾರ ನೋಡುತ್ತಿದ್ದಾನೆ. ನನ್ನನ್ನು ಕಂಡವನೇ ಉರಿದುಬಿದ್ದ.

“ಏನ್ ಸಾ ಇದು! ಅತ್ತು ನಲವತ್ತಕ್ಕೆ ಜೋಗ ಬುಡಬೇಕು ಅಂತ ನೀವೇ ಬರ್ದಿದ್ದೀರ. ನಿಮ್ಮನ್ನ ಕಾಯ್ತಾ ನಾವೂ ಎರಡು ಗಂಟೆ ಇಪ್ಪತ್ತು ನಿಮಿಷ ಲೇಟು! ಟೈಮು ಬರ್ದೋರೇ ಇಂಗೆ ಬಂದ್ರೆ ಅದ್ನ ನಂಬ್ಕಂಡಿರೋ ಜನದ ಗತಿ ಏನು ಸಾ?”

ಮೂವತ್ನಾಲ್ಕು ವರ್ಷ ಕಿಟಕಿಯಲ್ಲಿ ಕೇಳಿದ್ದ ಅದೇ ಬೈಗುಳ! ನಾನು ಬಾಯಿ ತೆಗೆಯುವ ಮೊದಲೇ ಹೆಂಡತಿ ಮುಂದೆ ಬಂದಳು. “ಅಣ್ಣ, ನನ್ನ ಬ್ಯಾಗು ಕೊಡಿ. ಪುಸ್ತಕ ನೀವೇ ಇಟ್ಕೊಳ್ಳಿ. ಹೊರಡಿ, ಯಾಣಕ್ಕೆ ತಡವಾಗುತ್ತೆ.”

“ಅಯ್ಯೋ ಅಕ್ಕ, ಪುಸ್ತಕ ಇಲ್ದೆ ನೀವೆಂಗೆ…”

“ನಾವು ಹಸಿವಾದ್ರೆ ಉಣ್ತೀವಿ, ನಿದ್ದೆ ಬಂದ್ರೆ ಮಲಗ್ತೀವಿ.”

ಅವನು ಮಕ್ಕಳನ್ನೆಲ್ಲ ಗಾಡಿಗೆ ತುಂಬಿ, ಧೂಳೆಬ್ಬಿಸಿಕೊಂಡು ಹೋದ. ಹೆಂಡತಿ ಹೋಂಸ್ಟೇಗೆ ಹೋಗಿ ಹಸಿರು ಸೀರೆ ಉಟ್ಟುಕೊಂಡು ಬಂದು ಕಂಬಿಯ ಹತ್ತಿರ ಕೂತಳು. ಮಂಜು ಬಂದು ಎಲ್ಲ ಮುಚ್ಚಿತು, ಸರಿದು ಎಲ್ಲ ತೆರೆಯಿತು, ಮತ್ತೆ ಮುಚ್ಚಿತು. ಅವಳು ಬಾಯಿ ಬಿಟ್ಟುಕೊಂಡೇ ಕೂತಿದ್ದಳು. ನಲವತ್ತು ನಿಮಿಷ ಆದಾಗ ನಾನು ಕೆಮ್ಮಿದೆ. ತಿರುಗಿಯೂ ನೋಡಲಿಲ್ಲ. ಮಾರನೆಯ ದಿನವೂ ಹಾಗೆ. ಬುಧವಾರ ನನ್ನ ಗಡಿಯಾರ ಬಿಚ್ಚಿ ರೂಮಿನಲ್ಲಿಟ್ಟೆ. ಹೋಂಸ್ಟೇಯ ಹೆಂಗಸು ಹೊತ್ತು ಹೊತ್ತಿಗೆ ಎಲೆ ಹಾಕಿ ಬಡಿಸುತ್ತಿದ್ದರು. ಡ್ರೈವರು ಮಾವಿನ ಮರದ ಕೆಳಗೆ ಸೀಟು ಹಿಂದಕ್ಕೆ ಬಾಗಿಸಿ ನಿದ್ದೆ ಹೊಡೆಯುತ್ತಿದ್ದ. ಯಾಣವಿಲ್ಲ, ಬಾದಾಮಿಯಿಲ್ಲ, ಹಂಪಿಯಿಲ್ಲ. ಕೋಪ ಮಾಡಿಕೊಳ್ಳೋಣ ಅಂದರೆ ಕೋಪವೂ ಬರುತ್ತಿಲ್ಲ!

ಏಳನೇ ದಿನ ಶುಕ್ರವಾರ ಸಂಜೆ ಅಲ್ಲೇ ಕೂತಿದ್ದೆವು. ಫೋನು ಬಡಿಯಿತು. ಎದುರುಮನೆಯವನು, ಹಾಸನದಿಂದ.

“ಸಾ, ಆರೂ ಇಪ್ಪತ್ತಕ್ಕೆ ಸರ್ಯಾಗಿ ಮನೆ ಮುಟ್ಟಿದೀನಿ. ಜೋಗ ಬುಟ್ಟ ಮೇಲೆ ಒಂದ್ ಸಾಲು ತಪ್ಪಿಲ್ಲ. ಈಗ ಸಿಕ್ಕಾಕ್ಕಂಡೆ ಸಾ. ಕೊನೇ ಸಾಲಲ್ಲಿ ಕಾಫಿ ಅಂತ ಅದೇನೋ ಬರ್ದಿದ್ದೀರಲ್ಲ, ಅದ್ನ ನಮ್ಮೋಳು ಓದ್ಬುಟ್ಟವ್ಳೆ. ಕುರ್ಚಿ ಮೇಲೆ ಕುಂತವ್ಳೆ, ಕೈಯಲ್ಲಿ ಗಡಿಯಾರ ಇಡ್ಕಂಡು. ಆಗ್ಲೇ ನಾಕ್ ನಿಮಿಷ ಆಗೋಯ್ತು. ಎಲ್ಲಾ ಇಷ್ಟು ಸಣ್ಣದಾಗಿ ಬರ್ದೋರು, ಸಕ್ಕರೆ ಡಬ್ಬ ಎಲ್ಲಿರ್ತದೆ ಅಂತ ಯಾಕ್ ಸಾ ಬರೀಲಿಲ್ಲ?”

ನಾನು ಅಭ್ಯಾಸಬಲದಿಂದ ಹೆಂಡತಿಯ ಕಡೆ ತಿರುಗಿ, “ಸಕ್ಕರೆ ಡಬ್ಬ ಎಲ್ಲಿರುತ್ತೇ?” ಎಂದೆ.

ಅವಳು ಜಲಪಾತದಿಂದ ಕಣ್ಣು ತೆಗೆಯದೆ ಕೇಳಿದಳು: “ಅವರ ಮನೇದೋ, ನಮ್ಮನೇದೋ? ನಿಮಗೆ ಎರಡೂ ಗೊತ್ತಿಲ್ಲವಲ್ಲ.”